ಮಡಿಲಲ್ಲಿ ಮೊಟ್ಟೆ, ಎರಡು ಗಂಟೆ ದಾರಿ

ಬೈರಮಂಗಲದ ಪುಟ್ಟಲಿಂಗಯ್ಯನಿಗೆ ಮೂಗಿನ ತುದಿಯಲ್ಲೇ ಕೋಪ. ಹೊಗೆಸೊಪ್ಪು ರೇಷ್ಮೆಹುಳುವಿಗೆ ವಿಷ ನೋಡಿ, ಅದನ್ನು ಅಗಿಯುತ್ತ ಹುಳುಮನೆಗೆ ಬಂದವರು ಬೀಗರೇ ಆಗಲಿ, ಅಂಗಳಕ್ಕೆ ಅಟ್ಟಿಬಿಡುತ್ತಿದ್ದ. ಅಂಥವನು ಮೆತ್ತಗಾಗುತ್ತಿದ್ದುದು ತಂಗಿ ಮುನಿತಾಯಮ್ಮನ ಹೆಸರು ಕೇಳಿದಾಗ ಮಾತ್ರ. ಗಂಡನ ನೌಕರಿಯ ಹಿಂದೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋದವಳು, ದೂರಕ್ಕೆ ಹೆದರಿ ಎಂಟು ವರ್ಷ ತವರಿನ ಕಡೆ ತಲೆ ಹಾಕಿರಲಿಲ್ಲ.

ರಾಮನಗರದಲ್ಲಿ ಗೂಡಿಗೆ ಬಂಗಾರದ ಬೆಲೆ ಬರುತ್ತಿದ್ದ ಕಾಲ ಅದು. ಅವಳೂ ಪೋರ್ಟ್ ಬ್ಲೇರಿನಲ್ಲಿ ಹಿತ್ತಲ ತುಂಬ ಹಿಪ್ಪುನೇರಳೆ ನೆಟ್ಟಿದ್ದಳು. ಅಣ್ಣ ಎರಡು ಸಲ ಹಡಗಿನಲ್ಲಿ ಕಳಿಸಿದ ರೇಷ್ಮೆಹುಳುವಿನ ಮೊಟ್ಟೆ ಮೂರು ದಿನದ ದಾರಿಯಲ್ಲೇ ಒಡೆದು, ಸೊಪ್ಪಿಲ್ಲದೆ ಮರಿಗಳೆಲ್ಲ ಸತ್ತುಹೋಗಿದ್ದವು. ಇನ್ನೊಂದು ಸಲ ಹೀಗಾದರೆ ಗಿಡ ಕಿತ್ತು ಬದನೆ ಹಾಕುತ್ತೇನೆ ಅಂದಿದ್ದಾರೆ ಯಜಮಾನರು ಎಂದು ತಂಗಿಯ ಕಾಗದ ಬಂತು.

“ಅದೆಂಗೆ ಕೀಳ್ತಾನೋ ನೋಡ್ತೀನಿ. ನಾನೇ ತಕ್ಕೊಂಡೋಯ್ತೀನಿ,” ಎಂದು ಪುಟ್ಟಲಿಂಗಯ್ಯ ಎದ್ದೇಬಿಟ್ಟ.

ಟಿಕೆಟ್ ಮಾಡಿಸಿಕೊಟ್ಟವನು ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯ ಗೆಳೆಯ ಮಕ್ಬೂಲ್. “ಮದ್ರಾಸಿಂದ ಸಾವಿರದ ಮುನ್ನೂರು ಚಿಲ್ರೆ ಕಿಲೋಮೀಟ್ರು ಕಣ್ಲಾ. ವಿಮಾನದಾಗೆ ಎರಡೇ ಗಂಟೆ.”

“ಬುಡ್ಲಾ, ರೀಲು ಬುಡಬ್ಯಾಡ! ನಮ್ಮೂರಿಂದ ಮಾಗಡಿಗೋಗಕ್ಕೇ ಎರಡು ಗಂಟೆ ಬೇಕು!”

ನಂಬಿಕೆಯಿಲ್ಲದೆ, ಐದು ದಿನ ಬಿಟ್ಟು ಒಡೆಯುವ ಮೊಟ್ಟೆಯನ್ನೇ ಕೇಳಿ ತಂದು, ಬೆಳಕು ಬೀಳದಂತೆ ಕಪ್ಪು ಬಟ್ಟೆ ಸುತ್ತಿ, ತೂತು ಕೊರೆದ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಹೊರಟ. ಆದರೆ ಮದ್ರಾಸಿನ ಸೆಕೆ ಯಾರ ಲೆಕ್ಕ ಕೇಳುತ್ತದೆ? ಮೂರನೆಯ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಬಟ್ಟೆ ಸರಿಸಿ ಇಣುಕಿದರೆ, ಮೊಟ್ಟೆ ಮೊಟ್ಟೆಗೂ ಕರಿಚುಕ್ಕಿ! ಒಳಗೆ ಮರಿ ಬಲಿತಾಗಿದೆ, ಬೆಳಕು ತಾಗಿದರೆ ಇವತ್ತೇ ಒಡೆಯುತ್ತವೆ. ಸರಕ್ಕನೆ ಮುಚ್ಚಿದ.

ವಿಮಾನ ಮೇಲೇರಿತು. ಕಿಟಕಿಯಾಚೆ ಮೋಡವಿತ್ತೋ ಸಮುದ್ರವಿತ್ತೋ, ಅವನು ನೋಡಲಿಲ್ಲ, ಡಬ್ಬಿಯನ್ನು ಮಡಿಲಲ್ಲಿ ತಬ್ಬಿ ಕೂತಿದ್ದ. ಅಷ್ಟರಲ್ಲಿ ಪಕ್ಕದವನು ಸಿಗರೇಟು ಹಚ್ಚಿದ.

“ಅಯ್ಯೋ ಸ್ವಾಮಿ, ಆರ್ಸಿ, ಆರ್ಸಿ! ಮಕ್ಳವೆ ಇಲ್ಲಿ!” ಎಂದು ಕೂಗಿ, ಗೂಡಿನ ಮಾರುಕಟ್ಟೆಯಲ್ಲಿ ಕಲಿತ ಹರಕು ತಮಿಳಿನಲ್ಲಿ ಅದನ್ನೇ ಮತ್ತೆ ಹೇಳಿದ. ಆ ಮನುಷ್ಯ ಇವನ ಮುಖ ನೋಡಿದ, ಬಿಸ್ಕತ್ತಿನ ಡಬ್ಬಿ ನೋಡಿದ, ತೆಪ್ಪಗೆ ಸಿಗರೇಟು ಆರಿಸಿದ.

ಹೊರಟು ಸರಿಯಾಗಿ ಎರಡು ಗಂಟೆಯಾಗುವಷ್ಟರಲ್ಲಿ ಚಕ್ರ ನೆಲ ಮುಟ್ಟಿತು. ಮಕ್ಬೂಲ್ ಸುಳ್ಳು ಹೇಳಿರಲಿಲ್ಲ.

ತಂಗಿಯ ಮನೆ ಮುಟ್ಟಿದ ಕೂಡಲೇ ಕ್ಷೇಮಸಮಾಚಾರ ಕೂಡ ಕೇಳದೆ ಡಬ್ಬಿ ತೆರೆದು ಕಪ್ಪು ಬಟ್ಟೆ ಬಿಚ್ಚಿದ. ಬೆಳಕು ಬಿತ್ತು. ಸ್ವಲ್ಪ ಹೊತ್ತಿಗೆ ಇರುವೆಗಿಂತ ಸಣ್ಣ ಕರಿಮರಿಗಳು ಒಂದೊಂದಾಗಿ ತಲೆಯೆತ್ತಿದವು. ಮುನಿತಾಯಮ್ಮ ಎಳೆಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿದಳು. ಮರಿಗಳು ಅದಕ್ಕೆ ಹತ್ತಿಕೊಂಡು ತಿನ್ನತೊಡಗಿದವು. ಅವಳ ಗಂಡ ಹೋಗಿ ಇನ್ನೊಂದು ಹಿಡಿ ಎಳೆಸೊಪ್ಪು ಕಿತ್ತು ತಂದ. ಪುಟ್ಟಲಿಂಗಯ್ಯ ಉಸ್ಸಪ್ಪಾ ಎಂದು ಗೋಡೆಗೊರಗಿದ, ಕಣ್ಣಲ್ಲಿ ನೀರು.

“ಅಷ್ಟು ದೂರದಿಂದ ಬಂದ್ಬುಟ್ಯಲ್ಲಣ್ಣ,” ಎಂದಳು ತಂಗಿ.

“ಎಲ್ಲೈತವ್ವ ದೂರ? ಮಾಗಡಿಗೋಗಿದ್ದಂಗೆ ಆಯ್ತು. ಎಂಟು ವರ್ಸ ಸುಮ್ಸುಮ್ಕೆ ಅತ್ಕೊಂಡು ಕುಂತಿದ್ವಿ ಕಣೆ. ಇವು ಗೂಡು ಕಟ್ಲಿ, ನನ್ ಜೊತೆಗೇ ಊರಿಗೆ ಬಾ.”