ಡೆಲ್ಮರ್ ತಟ್ಟದ ಬಾಗಿಲು

ಪೆನ್ಸಿಲ್ವೇನಿಯಾದ ನದಿದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ ಡೆಲ್ಮರ್ ಹ್ರಿಟ್ಸ್ಕೋ ದುಡಿದದ್ದು ಮೂವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತು ವರ್ಷ ಕಾರ್ಮಿಕ ಸಂಘದ ಪ್ರತಿನಿಧಿ. ಮ್ಯಾನೇಜರುಗಳ ಎದುರು ಒಮ್ಮೆಯೂ ಬಾಲ ಮುದುರಿದವನಲ್ಲ. ಅಂಥವನು ಹೆದರಿದ್ದು ತನ್ನವರಿಗೇ.

ದೇಶದ ಅಧ್ಯಕ್ಷರ ಚುನಾವಣೆಯಲ್ಲಿ ಸಂಘ ಒಬ್ಬ ಅಭ್ಯರ್ಥಿಯ ಬೆನ್ನಿಗೆ ನಿಲ್ಲುತ್ತದೆ. ಸದಸ್ಯರ ಮನೆಗೆ ಸದಸ್ಯರೇ ಹೋಗಿ ಓಟು ಯಾರಿಗೆಂದು ಕೇಳಬೇಕು. ಪಟ್ಟಿಯಲ್ಲಿ ಒಂದು ಎಂದು ಬರೆದರೆ ನಮ್ಮವರು, ಐದು ಎಂದರೆ ಆ ಕಡೆಯವರು. ಮತಗಟ್ಟೆಗೆ ಗಾಡಿ ಬೇಕೋ ಬೇಡವೋ ಎಂದೂ ಗುರುತು ಹಾಕಬೇಕು. ಆ ವರ್ಷ ಮೂರನೆಯ ಮನೆಯಲ್ಲೇ, ಕುಲುಮೆಯ ಮುಂದೆ ಜೊತೆಗೆ ಬೆವರು ಸುರಿಸಿದ ಗೆಳೆಯ ಡೆಲ್ಮರ್‌ನನ್ನು ಹೊಸ್ತಿಲಲ್ಲೇ ನಿಲ್ಲಿಸಿಬಿಟ್ಟ.

"ಸಂಬಳದ ಜಗಳಕ್ಕೆ ಕರಿ, ಓಡಿ ಬರ್ತೀನಿ. ಓಟು ಯಾರಿಗೆ ಹಾಕ್ಬೇಕು ಅಂತ ಹೇಳೋಕೆ ನೀನ್ಯಾವನೋ?"

ಆಮೇಲೆ ಡೆಲ್ಮರ್ ಇನ್ನೊಂದು ಬಾಗಿಲು ತಟ್ಟಲಿಲ್ಲ. ಕಾರಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತ, ಉಳಿದ ಹದಿನಾಲ್ಕು ಹೆಸರಿಗೂ ಒಂದೇ ಸಮನೆ ಗೀಚಿದ: ಒಂದು, ಗಾಡಿ ಬೇಡ.

ಆ ಹದಿನಾಲ್ಕರಲ್ಲಿ ಯೂನಿಸ್ ಇದ್ದಳು. ಒಂದು ಕಾಲದಲ್ಲಿ ಕ್ರೇನ್ ಓಡಿಸುತ್ತ ಇವನಿಗೆ ಕೆಲಸ ಕಲಿಸಿದವಳು, ಈಗ ಎಂಬತ್ತು ದಾಟಿದ ವಿಧವೆ. ಮತದಾನದ ದಿನ ಒಳ್ಳೆಯ ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಬೆಳಗಿನಿಂದ ಜಗಲಿಯ ಮೇಲೆ ಕಾದಳು. ಪ್ರತಿ ಸಲ ಬರುತ್ತಿದ್ದ ಸಂಘದ ಗಾಡಿ ಬರಲಿಲ್ಲ. ಸಂಘದ ಕಚೇರಿಗೆ ಫೋನು ಸಿಕ್ಕಿದಾಗ ಮತಗಟ್ಟೆ ಮುಚ್ಚಿತ್ತು; ಡೆಲ್ಮರ್‌ನ ಪಟ್ಟಿಯಲ್ಲಿ ಗಾಡಿ ಬೇಡ ಎಂದಿದೆ ಎಂದರು ಅಲ್ಲಿಯವರು.

ಸುದ್ದಿ ಕೇಳಿ ಮರುದಿನ ಡೆಲ್ಮರ್ ಅವಳ ಮನೆಗೆ ಓಡಿದ, ತಪ್ಪೊಪ್ಪಿಕೊಳ್ಳಲೆಂದೇ. ಅವಳೇ ಮೊದಲು ಬಾಯಿ ತೆರೆದಳು.

"ಗಾಡಿ ಬೇಡ ಅಂತ ನಾನೇ ನಿಂಗೆ ಹೇಳಿದ್ದೆನಂತೆ ಕಣೋ. ನೀನು ಬಂದಿದ್ದೇ ನಂಗೆ ನೆನಪಿಲ್ಲ. ತಲೆ ಕೆಡ್ತಾ ಇದೆ. ಮಗಳಿಗೆ ಹೇಳ್ಬೇಡ."

"ವಯಸ್ಸಾದ್ಮೇಲೆ ಯಾರಿಗಾದ್ರೂ ಆಗತ್ತೆ ಬಿಡಿ, ಯೂನಿಸ್," ಅಂದುಬಿಟ್ಟ. ಆ ಮಾತು ತನ್ನ ಬಾಯಿಂದ ಬಂತಲ್ಲ ಎಂದು ಅವನಿಗೆ ಇವತ್ತಿಗೂ ತನ್ನ ಮೇಲೇ ಹೇಸಿಗೆ.

ಮುಂದಿನ ವಾರ ಮರೆವಿನ ಪರೀಕ್ಷೆಗೆ ಅವಳನ್ನು ಕರೆದೊಯ್ದವನೂ ಅವನೇ. ಹೊರಬಂದು ಕಾರು ಹತ್ತಿದಾಗ ಅವಳ ಮುಖ ಅರಳಿತ್ತು.

"ಎಲ್ಲಾ ಸರಿ ಹೇಳ್ದೆ ಕಣೋ! ತಾರೀಕು, ತಿಂಗಳು, ಅಧ್ಯಕ್ಷರ ಚುನಾವಣೇಲಿ ಯಾರು ಗೆದ್ರು ಅಂತ್ಲೂ. ತಲೆಗೆ ಏನೂ ಆಗಿಲ್ಲ ಅಂದ್ರು ಡಾಕ್ಟ್ರು." ಸ್ವಲ್ಪ ದೂರ ಹೋದ ಮೇಲೆ ನಗು ನಿಂತಿತು. "ಹಾಗಾದ್ರೆ ನೀನು ಬಂದಿದ್ದೊಂದು ಮಾತ್ರ ಯಾಕೆ ನೆನಪಿಲ್ಲ ಕಣೋ?"

ಡೆಲ್ಮರ್ ರಸ್ತೆಯನ್ನೇ ನೋಡುತ್ತಿದ್ದ. ಅವಳು ಅವನ ಮುಖವನ್ನು ನೋಡುತ್ತಿದ್ದಳು. ಮತ್ತೆ ಕೇಳಲಿಲ್ಲ. ಮನೆ ಬಂದಾಗ ಇಳಿಸಲೆಂದು ಅವನು ಚಾಚಿದ ಕೈಯನ್ನು ಅವಳು ಹಿಡಿಯಲಿಲ್ಲ.