ಸಾಹೇಬರ ಸಂತೋಷದ ಪಾಠ

ನಮ್ಮ ಕಡೆ ಯಾರಾದರೂ “ಚೆನ್ನಾಗಿದೀರಾ?” ಎಂದು ಕೇಳಿದರೆ ಹೌದೆಂದುಬಿಡುವುದು ಒಂದು ಬಗೆಯ ಅಹಂಕಾರವೇ. ಹೊಟ್ಟೆ ತುಂಬ ಅವರೆಕಾಳಿನ ಉಪ್ಪಿಟ್ಟು ತಿಂದು ಎಳೆಬಿಸಿಲಿಗೆ ಬೆನ್ನೊಡ್ಡಿ ಕೂತವನೂ ನಿಟ್ಟುಸಿರಿಟ್ಟು, “ಏನೋಪ್ಪಾ, ಹೀಗಿದೀವಿ, ಈ ಮಂಡಿನೋವೊಂದು ಬಿಡ್ತಿಲ್ಲ” ಎನ್ನಬೇಕು. ದೃಷ್ಟಿ ತಾಗಬಾರದಲ್ಲ! ನನ್ನ ಸೋದರತ್ತೆಯಂತೂ ತಮಗೇನೂ ನೋಯದ ದಿನ ಎದುರುಮನೆಯವರ ನೋವನ್ನಾದರೂ ಎರವಲು ತಂದು ನರಳುತ್ತಿದ್ದರು.

ಇಂಥ ಜನರ ನಡುವೆ ನಮ್ಮ ಕಚೇರಿಯ ಸಾಹೇಬರು, ಬೊಂಬಾಯಿಯಲ್ಲಿ ಅದೇನೋ ತರಬೇತಿ ಮುಗಿಸಿ, ಸಂತೋಷವನ್ನು ಹೊತ್ತು ತಂದರು. ಶನಿವಾರ ಶನಿವಾರ ನಮ್ಮನ್ನು ವರಾಂಡದಲ್ಲಿ ನಿಲ್ಲಿಸಿ, “ಸುಖ ಊರಲ್ಲಿಲ್ಲ, ಮನಸ್ಸಲ್ಲಿದೆ. ಸೈಕಲ್ ಇದ್ದ ಹಾಗೆ ಕಣ್ರೀ, ಕಲಿತ್ರೆ ಬರುತ್ತೆ” ಎನ್ನುತ್ತಿದ್ದರು. ಜೀಪಿನಿಂದ ಇಳಿದೇ ಗೊತ್ತಿಲ್ಲದ ಮಹಾನುಭಾವರು ಸೈಕಲ್ಲಿನ ಮಾತನಾಡಿದರೆ ನಾವು ತಲೆಯಾಡಿಸುವುದು ಬಿಟ್ಟು ಇನ್ನೇನು ಮಾಡಬೇಕು?

ಆ ಪಾಠವನ್ನು ನಿಜಕ್ಕೂ ಕಲಿತವನು ನನ್ನ ಪಕ್ಕದ ಮೇಜಿನ ರಾಮಸ್ವಾಮಿ ಒಬ್ಬನೇ. ಗಡ್ಡ ಹೆರೆಯುವ ಕನ್ನಡಿಯ ಮುಂದೆ ನಿಂತು ನಗು ಅಭ್ಯಾಸ ಮಾಡುತ್ತಿದ್ದವನನ್ನು ಕಂಡು ಹೆಂಡತಿ ಕಮಲಮ್ಮ, “ಯಾಕ್ರೀ, ಹಲ್ಲುನೋವಾ?” ಎಂದಿದ್ದರಂತೆ.

ಅಷ್ಟರಲ್ಲಿ ನಮ್ಮಲ್ಲೊಬ್ಬರನ್ನು ಬೀದರಿಗೆ ವರ್ಗ ಮಾಡಬೇಕಾಗಿ ಬಂತು. ಸಾಹೇಬರು ಒಬ್ಬೊಬ್ಬರನ್ನೇ ಒಳಗೆ ಕರೆದು, “ತೊಂದರೆ ಏನಾದ್ರೂ ಇದೆಯೇನ್ರೀ?” ಎಂದು ವಿಚಾರಿಸಿದರು. ನುರಿತವರೆಲ್ಲ ತಾಯಿಯ ಗೂರಲು, ಹೆಂಡತಿಯ ಬಾಣಂತನ, ಭಾವಮೈದುನನ ಬುದ್ಧಿಭ್ರಮಣೆ ಎಂದು ಮನೆಮಂದಿಯನ್ನೆಲ್ಲ ಹಾಸಿಗೆ ಹಿಡಿಸಿ ಹೊರಬಂದರು. ರಾಮಸ್ವಾಮಿ ಮಾತ್ರ ಹಲ್ಲು ಕಾಣುವಂತೆ ನಕ್ಕು, “ಯಾವ ತೊಂದರೇನೂ ಇಲ್ಲ ಸಾರ್, ಪರಮ ಸಂತೋಷವಾಗಿದೀನಿ” ಎಂದ. ಸಂಜೆಗೆ ಆದೇಶ ಅವನ ಕೈಯಲ್ಲಿತ್ತು.

ಜಯನಗರದಲ್ಲಿ ಅವನ ಹೊಸ ಮನೆಯ ಗೃಹಪ್ರವೇಶಕ್ಕೆ ಆಗಲೇ ದಿನ ಗೊತ್ತಾಗಿತ್ತು. ಸುತ್ತ ಇನ್ನೂ ರಾಗಿ ಹೊಲ, ನಡುವೆ ಅಲ್ಲೊಂದು ಇಲ್ಲೊಂದು ಮನೆ. ಬೇಸಿಗೆಯುದ್ದಕ್ಕೂ ಕಮಲಮ್ಮ ದೂರದ ಬಾವಿಯಿಂದ ನೀರು ಹೊತ್ತು ತಂದು ಆ ಗೋಡೆಗಳನ್ನು ನೆನೆಸಿದ್ದರು. ಈಗ ಅದರಲ್ಲಿ ಬಾಡಿಗೆಯವರು ಬಾಳುವುದು, ತಾವು ಬೀದರಿನಲ್ಲಿ ಬಾಡಿಗೆಗಿರುವುದು.

ಗೃಹಪ್ರವೇಶದ ಊಟಕ್ಕೆ ಸಾಹೇಬರೂ ಬಂದರು. ಎಲೆಯ ಮುಂದೆ ಕೂತು, ಹೋಳಿಗೆಯ ಮೇಲೆ ಕಣ್ಣಿಟ್ಟು, “ಏನಮ್ಮಾ, ಸಂತೋಷ ತಾನೇ?” ಎಂದರು. ತುಪ್ಪ ಬಡಿಸಲು ಬಂದಿದ್ದ ಕಮಲಮ್ಮ ಮಿಳ್ಳೆಯನ್ನು ಗಾಳಿಯಲ್ಲೇ ತಡೆದು, ಬಲು ವಿನಯದಿಂದ ಹೇಳಿದರು:

“ನಿಮ್ಮ ಪಾಠನೆಲ್ಲ ಇವರು ಮನೇಲಿ ಒಪ್ಪಿಸ್ತಾರೆ ಸಾರ್. ಸುಖ ಊರಲ್ಲಿಲ್ಲ, ಮನಸ್ಸಲ್ಲಿದೆ ಅಂತೀರಂತೆ. ಹಾಗಿದ್ಮೇಲೆ ಬೀದರಿಗೆ ನೀವೇ ಹೋಗ್ಬಹುದಲ್ಲ? ಇವರದು ಈಗಷ್ಟೇ ಕಲಿತ ವಿದ್ಯೆ, ದಾರೀಲಿ ಮರೆತುಹೋದ್ರೆ?”

ಪಂಕ್ತಿಯಲ್ಲಿ ಎಲ್ಲರ ಕೈಯೂ ಎಲೆಯ ಮೇಲೇ ನಿಂತಿತು. ಸಾಹೇಬರ ಬೊಂಬಾಯಿ ನಗು ಒಮ್ಮೆ ಅದುರಿ, ತುಟಿಯ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿತು. ಮಿಳ್ಳೆ ಇನ್ನೂ ಬಾಗಿರಲಿಲ್ಲ.

“ನೋಡೋಣಮ್ಮ, ನೋಡೋಣ… ಸೋಮವಾರ ಆದೇಶ ಬದಲಾಯಿಸಿದ್ರಾಯ್ತು” ಎಂದರು ಸಾಹೇಬರು.

ಕಮಲಮ್ಮ ತುಪ್ಪ ಸುರಿದರು, ಹೋಳಿಗೆ ಮುಳುಗುವಷ್ಟು.