ಬಾಣಂತಿ ನೆಲ

ನೆಲ ಹಾಕುವ ಸೋನುಬಾಯಿಯ ಎಡಗೆನ್ನೆಯ ಮೇಲೆ ಸಿಮೆಂಟಿನ ಬೂದು ಗುರುತು ಸದಾ ಇರುತ್ತದೆ. ನೆಲ ಒಣಗಿದೆಯೋ ಇಲ್ಲವೋ ಎಂದು ಅವಳು ಮೊದಲು ನೋಡುವುದು ಕೆನ್ನೆ ಇಟ್ಟೇ. ನನ್ನ ಮಗಳು ಪೂನಂಳ ಹಣೆಗೆ ಕೆನ್ನೆ ಇಟ್ಟು ನಾನು ಜ್ವರ ನೋಡುವ ಹಾಗೆ. ದಿನಕ್ಕೆ ಎಷ್ಟು ಸಲ ನೋಡುತ್ತೇನೆ ಎಂದು ಮಾತ್ರ ಕೇಳಬೇಡಿ.

ಹುಮನಾಬಾದಿನ ನಮ್ಮ ಮನೆಯ ಹಿಂದಿನ ಕೋಣೆಗೆ ಮೆತ್ತನೆಯ ವಿನೈಲ್ ಹಾಸು ಅಂಟಿಸಿದ್ದೆವು. ಕೆಳಗಿನ ನೆಲ ತೇವವಾಗಿದೆಯೇ ಎಂದು ಯಾರೂ ನೋಡಿರಲಿಲ್ಲ. ಮಳೆಗಾಲದಲ್ಲಿ ಅಂಚುಗಳು ಮೇಲೆದ್ದವು. ಎತ್ತಿ ನೋಡಿದರೆ ಅಡಿಯೆಲ್ಲ ಕಪ್ಪು ಬೂಸಲು. ಕೂಸಿನ ಎದೆಯಲ್ಲಿ ಗುರುಗುರು ಶುರುವಾಯಿತು. ತೇವದಿಂದ ದೂರವಿಡಿ ಎಂದರು ಡಾಕ್ಟರು. ಆಮೇಲೆ ನಾನು ಅವಳನ್ನು ನೆಲಕ್ಕೇ ಬಿಡಲಿಲ್ಲ. ಅಂಬೆಗಾಲಿಡುವ ವಯಸ್ಸು, ಸೊಂಟದ ಮೇಲೆ ಕೂತು ಗಾಳಿಯನ್ನು ಒದೆಯುತ್ತಿದ್ದಳು.

ಪಕ್ಕದ ಹುಡಗಿ ಊರಿನಿಂದ ಸೋನುಬಾಯಿ ತನ್ನ ಹೆಂಗಸರ ತಂಡ ಕಟ್ಟಿಕೊಂಡು ಬಂದಳು. ಹಾಸು ಕಿತ್ತು, ನೆಲ ಅಗೆಸಿ, ಕೆಂಪು ಮುರುಮ ಮಣ್ಣು ತುಂಬಿ ಧುಮ್ಮಸದಿಂದ ಬಡಿಸಿ ಗಟ್ಟಿ ಮಾಡಿದಳು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಕಾಂಕ್ರೀಟು.

"ಮಣ್ಣಿನ ಹಸಿ ಮ್ಯಾಲ ಏರಬಾರ್ದು ನೋಡು ತಂಗಿ. ನಾ ಬಡಿದ ನೆಲ ಈ ಊರಾಗ ಎಲ್ಲ್ಯಾರ ಎದ್ದಿದ್ರ ತೋರ್ಸು, ಹೆಸರು ಬದಲ ಮಾಡ್ಕೋತೀನಿ!" ಸಂಕೋಚ ಅವಳ ಹತ್ತಿರ ಸುಳಿದದ್ದಿಲ್ಲ.

ಕಾಂಕ್ರೀಟಿಗೆ ನೀರುಣಿಸುವ ದಿನಗಳು ಮುಗಿದವು. ನನ್ನ ಗಂಡ ಬಸವಕುಮಾರ ಹೊಸ ಹಾಸಿನ ಸುರುಳಿ ತಂದಿಟ್ಟು, "ನಾಳೆ ಅಂಟ್ಸೂಣೇನು?" ಎಂದ.

"ಜಲ್ದಿ ಬ್ಯಾಡ್ರಿ ಸಾಹೇಬ್ರ. ನೆಲ ಇನ್ನಾ ಬಾಣಂತಿ ಅದ. ಹೊಟ್ಟ್ಯಾಗಿನ ನೀರು ಹೊರಗ ಹೋಗ್ಲಿ. ನಾ ಬರೂತನಕ ಜ್ವಾಕಿ ಮಾಡ್ರಿ" ಎಂದು ಹೇಳಿ ಸೋನುಬಾಯಿ ಬಸವಕಲ್ಯಾಣದ ಕೆಲಸಕ್ಕೆ ಹೋದಳು.

ಆ ಮಾತನ್ನು ನಮ್ಮತ್ತೆ ಲಲಿತಾಬಾಯಿ ಸೆರಗಿಗೆ ಗಂಟು ಹಾಕಿಕೊಂಡರು. ಬಾಣಂತಿಗೆ ಗಾಳಿ ತಾಗಬಾರದಲ್ಲ? ಕಿಟಕಿ ಮುಚ್ಚಿದರು. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದರು. ಸಂಜೆ ಕೆಂಡದ ಶೇಗಡಿ ಇಟ್ಟು ಲೋಬಾನ ಹಾಕಿದರು. ನನ್ನ ಬಾಣಂತನದಲ್ಲೂ ಹೀಗೇ ಮಾಡಿದ್ದರು, ಹಾಗಾಗಿ ನನಗೂ ಸರಿಯೆನಿಸಿತು.

ಸೋನುಬಾಯಿ ಮರಳಿ ಬಂದು ಬಾಗಿಲು ತೆಗೆದಾಗ ಬಿಸಿ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ನೆಲಕ್ಕೆ ಕೆನ್ನೆ ಇಟ್ಟಳು. ಪಾರದರ್ಶಕ ಪ್ಲಾಸ್ಟಿಕ್ಕಿನ ತುಂಡೊಂದನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದಳು. ಮರುದಿನ ನೋಡಿದರೆ ಅದರೊಳಗೆ ಸಾಲುಸಾಲು ನೀರಿನ ಹನಿ.

"ಬೆವರಾಕತ್ತದ. ಕಿಟಕಿ ಮುಚ್ಚಿದವ್ರು ಯಾರ್ರಿ?"

"ನೀನೇ ಬಾಣಂತಿ ಅಂದ್ಯಲ್ಲವಾ!" ಎಂದರು ಅತ್ತೆ.

ಸೋನುಬಾಯಿ ನಗುತ್ತ ಹೊಸ್ತಿಲ ಮೇಲೆ ಕುಸಿದಳು. "ಅಯ್ಯ ನಮ್ಮವ್ವಾ! ಬಾಣಂತಿಗಿ ಕೊಡೂ ಅಳವಿ ಪಾಯಸಾನೂ ಕುಡಿಸೀರೇನ್ರಿ ಮತ್ತ? ಮನಶ್ಯಾರ ಬಾಣಂತಿಗೆ ಗಾಳಿ ಬ್ಯಾಡ್ರಿ, ಈಕಿಗಿ ಗಾಳೀನೇ ಔಷಧ. ಬಿಡಿಸಿ ಹೇಳ್ದೇ ಹೋಗಿದ್ದು ನಂದೇ ತಪ್ಪು."

ಅವರೆಲ್ಲ ನಗುತ್ತಿದ್ದರೆ ನನಗೆ ಅಳು ಬಂತು. ಇನ್ನೂ ಎಷ್ಟು ದಿನ ಕೂಸನ್ನು ಎತ್ತಿಕೊಂಡೇ ಇರಲಿ? ಅವಳ ಕಾಲಿನ ಬಲ ಹೋದರೆ?

ಸೋನುಬಾಯಿ ಪೂನಂಳನ್ನು ನನ್ನಿಂದ ತೆಗೆದುಕೊಂಡು ಮಡಿಲಲ್ಲಿ ಕೂರಿಸಿಕೊಂಡಳು.

"ನನ್ನ ಮಗಳು ವಿಶಾಖಾನೂ ಹಿಂಗೇ. ಹಸಿ ಕಾಂಕ್ರೀಟಿನ ಮ್ಯಾಲ ಬಿಡಾಕ ಬರ್ತದೇನು? ಸೀರಿ ಜೋಳಿಗ್ಯಾಗ ಹಾಕಿ ನಾ ನೆಲ ಬಡೀತಿದ್ದೆ. ಕೂಸು ಕುಂಟಿ ಆಗ್ತದ ಅಂದ್ರು ಮಂದಿ. ಒಂದಿನ ತಿರುಗಿ ನೋಡ್ತೀನಿ, ಜೋಳಿಗಿ ಖಾಲಿ! ಮುರುಮಿನ ಗುಡ್ಡಿ ಮ್ಯಾಲ ಏರಿ ಕುಂತಾಳ, ರಾಣಿ ಹಂಗ. ಈಗ ಬಸವಕಲ್ಯಾಣದ ದವಾಖಾನ್ಯಾಗ ನರ್ಸು, ದಿನಾ ಓಡೂದೇ ಓಡೂದು. ಫಿಕರ್ ಮಾಡಬ್ಯಾಡ. ಕಾದ್ರ ಕೂಸಿನ ಕಾಲು ಸವಿಯಂಗಿಲ್ಲ, ತಾಯಿ ಸೊಂಟ ಸವೀತದ ಅಷ್ಟ!"

ಕಿಟಕಿಗಳು ತೆರೆದವು. ಫ್ಯಾನು ಹಗಲಿಡೀ ತಿರುಗಿತು. ಈ ಕಡೆ ಬಂದಾಗಲೆಲ್ಲ ಸೋನುಬಾಯಿ ಒಳಹೊಕ್ಕು ಕೆನ್ನೆ ಇಟ್ಟು ಹೋಗುತ್ತಿದ್ದಳು. ದೀಪಾವಳಿ ಕಳೆದು, ಜೋಳ ಮೊಳಕಾಲೆತ್ತರ ಬಂದ ಹೊತ್ತಿಗೆ ಪ್ಲಾಸ್ಟಿಕ್ಕಿನೊಳಗೆ ಒಂದು ಹನಿಯೂ ಮೂಡಲಿಲ್ಲ. ಅವಳು ಮುಂದೆ ನಿಂತು ಹೊಸ ಹಾಸು ಅಂಟಿಸಿದಳು.

ಆದರೂ ನಾನು ಬಗ್ಗಿ ಕೆನ್ನೆ ಇಟ್ಟು ನೋಡಿದೆ.

"ಜ್ವರ ಅದ ಏನ್ ತಂಗಿ?" ಕೇಳಿದಳು ಸೋನುಬಾಯಿ.

"ಇಲ್ಲ" ಎಂದೆ. ಪೂನಂಳನ್ನು ಕೆಳಗೆ ಬಿಟ್ಟೆ.

ಅವಳು ಅಂಗೈಯಿಂದ ನೆಲವನ್ನು ಒಮ್ಮೆ ಬಡಿದಳು. ಮೊಣಕಾಲೂರಿದಳು. ಮುಂದಕ್ಕಲ್ಲ, ಹಿಂದಕ್ಕೆ ಸರಿಯತೊಡಗಿದಳು, ಗೋಡೆಯ ಕಡೆಗೆ. ಹಿಡಿಯಲು ಮುಂದೆ ಹೋದ ನನ್ನ ಕೈಗಳನ್ನು ಸೋನುಬಾಯಿ ತನ್ನ ಒರಟು ಕೈಯಲ್ಲಿ ಹಿಡಿದುಕೊಂಡಳು.

"ಬಿಡು" ಎಂದಳು. "ನೆಲ ಅದ, ಅದೇ ಹಿಡ್ಕೋತದ."